ಕರೆದ ಕೂಡಲೇ ಬಂದುಬಿಡುವ ನಾರಂಜ್ ಖಾನುಮರಿಗೆ

ಶಿರಾಜ್ ನಗರದ ಕೊಳದ ತೋಟದಲ್ಲಿ, ಮೂರನೆಯ ಕಲ್ಲುಬೆಂಚಿನ ಕೆಳಗೆ ಖಾಯಂ ಬಿಡಾರ ಹೂಡಿರುವ, ಕಿತ್ತಳೆ ಮೈಯ, ಅರ್ಧ ಕಿವಿಯ, ಪೂರ್ತಿ ಹೊಟ್ಟೆಯ ಬೆಕ್ಕಿನವರ ಸನ್ನಿಧಾನಕ್ಕೆ.

ಮಾನ್ಯರೇ,

ತಮ್ಮ ಮೀಸೆ ಸದಾ ನೆಟ್ಟಗಿರಲಿ, ತಮ್ಮ ನೆರಳು ಎಂದೂ ಕುಗ್ಗದಿರಲಿ, ತಮ್ಮ ಬಾಲಕ್ಕೆ ಯಾವ ಸೈಕಲ್ಲಿನ ಗಾಲಿಯೂ ತಗುಲದಿರಲಿ ಎಂದು ಹಾರೈಸಿ, ತಮ್ಮ ಮಧ್ಯಾಹ್ನದ ನಿದ್ದೆಗೆ ಭಂಗ ತರುತ್ತಿರುವುದಕ್ಕೆ ಕ್ಷಮೆ ಕೇಳಿ, ಈ ದೂರನ್ನು ತಮ್ಮ ಹಿಂದಿನ ಎರಡು ಪಾದಗಳ ಬಳಿ ಇಡುತ್ತಿದ್ದೇನೆ. ಮುಂದಿನ ಎರಡರ ಬಳಿ ಇಡದಿರುವುದಕ್ಕೆ ಕಾರಣ, ತಾವು ಅವುಗಳಿಂದ ಏನನ್ನು ಬೇಕಾದರೂ ಮಣ್ಣುಮಾಡಿಬಿಡುತ್ತೀರಿ ಎಂಬ ಅನುಭವ.

ನಾನು ಈರಜ್. ಮದುವೆಯ ಕರೆಯೋಲೆ ಅಚ್ಚು ಹಾಕುವ ಅಂಗಡಿ ನನ್ನದು. ವಧುವಿನ ಹೆಸರಿಗೆ ವರನ ಹೆಸರನ್ನು ಪ್ರಾಸದಲ್ಲಿ ಕಟ್ಟಿಕೊಡುವುದರಲ್ಲಿ ನನಗೊಂದು ಹೆಸರಿದೆ. ಇಪ್ಪತ್ತು ವರ್ಷಗಳಿಂದ ಊರಿನ ಅರ್ಧ ಜನರನ್ನು ಹೀಗೆ ಎರಡೆರಡು ಸಾಲಾಗಿ ಜೋಡಿಸಿದ ನಾನು, ನಲವತ್ತೈದಾದರೂ ಒಂಟಿ ಸಾಲಾಗಿಯೇ ಉಳಿದಿದ್ದೇನೆ.

ತಮಗೆ ತಿಳಿದಿರುವಂತೆ, ಹುಳಿಕಿತ್ತಳೆಯ ನಾರಂಜಿ ಮರಗಳು ಹೂಬಿಟ್ಟು ಬೀದಿಬೀದಿಗೆ ಕಂಪು ಹಂಚತೊಡಗಿದ ಮೇಲೆ ಈ ಊರಿನಲ್ಲಿ ಯಾರೂ ಮನೆಯೊಳಗೆ ಊಟ ಮಾಡುವುದಿಲ್ಲ. ತೋಟದಲ್ಲಿ ಜಾಗ ಸಿಗದವರು ವಾಹನಗಳು ಸುತ್ತುವ ವೃತ್ತದ ನಡುವಿನ ಹುಲ್ಲಿನ ಮೇಲೂ ಜಮಖಾನೆ ಹಾಸುತ್ತಾರೆ. ಬೇಸಗೆ ಬಲಿತ ಮೇಲೆ ಬಿಸಿಲಿಳಿಯುವುದನ್ನೇ ಕಾದು ಬರುತ್ತಾರೆ, ಅಷ್ಟೇ ವ್ಯತ್ಯಾಸ. ಮೂರು ವರ್ಷಗಳಿಂದ ಪ್ರತಿ ಶುಕ್ರವಾರ ನಾನೂ ನನ್ನ ತಾಯಿಯೂ ಹಾಸುವ ಜಮಖಾನೆಗೆ ಒಂದೇ ಗೇಣು ದೂರದಲ್ಲಿ, ಔಷಧದಂಗಡಿಯ ಫರಂಗೀಸ್ ಖಾನುಮ್ ಮತ್ತು ಅವರ ತಂದೆ ಹಬೀಬ್ ಆಗಾ ಅವರ ಜಮಖಾನೆ ಇರುತ್ತದೆ. ಆ ಒಂದು ಗೇಣನ್ನು ದಾಟಲಾಗದೆ ನಾನು ಮೂರು ಬೇಸಗೆ ಕಳೆದೆ ಎಂಬುದೇ ಈ ಪತ್ರದ ತಿರುಳು.

ಇದಕ್ಕೆ ಕಾರಣ ನಮ್ಮ ತಾರೋಫ್. ಹಾಗೆಂದರೇನೆಂದು ತಮಗೆ ಗೊತ್ತಿಲ್ಲವೆನ್ನುವುದಕ್ಕೆ ನನ್ನ ಬಳಿ ಪುರಾವೆ ಇರುವುದರಿಂದ ವಿವರಿಸುತ್ತೇನೆ. ಉಣ್ಣುವವನು ಕಣ್ಣಿಗೆ ಬಿದ್ದವರನ್ನೆಲ್ಲ ‘ದಯಮಾಡಿಸಿ’ ಎಂದು ಕರೆಯಬೇಕು. ಕರೆಸಿಕೊಂಡವನು ‘ನಿಮ್ಮ ಕೈ ನೋಯದಿರಲಿ, ಹೊಟ್ಟೆ ತುಂಬಿದೆ’ ಎನ್ನಬೇಕು. ಹೀಗೆ ಮೂರು ಸಲ ಕರೆದು, ಮೂರು ಸಲ ಒಲ್ಲೆನೆಂದು, ಇಬ್ಬರೂ ನೆಮ್ಮದಿಯಿಂದ ಅವರವರ ಟೀ ಕುಡಿಯಬೇಕು. ಮನಸ್ಸಿನಿಂದ ಕರೆದವನೂ ಬಾಯಿಮಾತಿಗೆ ಕರೆದವನೂ ಅದೇ ಮಾತನ್ನು ಅದೇ ನಗುವಿನಿಂದ ಹೇಳುವುದರಿಂದ, ಮೂರು ವರ್ಷ ನಾನು ಮನಸಾರೆ ಕರೆದೆ, ಅವರು ಮನೆತನಕ್ಕೆ ತಕ್ಕಂತೆ ಒಲ್ಲೆನೆಂದರು.

ಇನ್ನು ತಮ್ಮ ಮೇಲಿನ ದೂರುಗಳು. ಹೊಸವರ್ಷದ ಹದಿಮೂರನೆಯ ದಿನ, ಊರಿಗೆ ಊರೇ ಹುಲ್ಲಿನ ಮೇಲಿದ್ದಾಗ, ಮದುವೆಯಾಗದ ಹುಡುಗಿಯರು ಗಂಡ ಸಿಗಲೆಂದು ಹುಲ್ಲೆಸಳಿಗೆ ಗಂಟು ಹಾಕುವ ಪದ್ಧತಿಯನ್ನು ನನ್ನ ತಾಯಿ ನಾಚಿಕೆ ಬಿಟ್ಟು ನನ್ನ ಪರವಾಗಿ ನೆರವೇರಿಸಿದರು. ತಾವು ಎರಡೆಕರೆ ಹುಲ್ಲನ್ನು ಬಿಟ್ಟು ಬಂದು, ಸರಿಯಾಗಿ ಆ ಗಂಟನ್ನೇ ಜಗಿದು ನುಂಗಿದಿರಿ. ಗಂಟು ನನ್ನದು, ಫಲ ತಮ್ಮದು. ಅದರ ಪರಿಣಾಮಕ್ಕೆ ಮುಂದೆ ಬರುತ್ತೇನೆ.

ಬೇಸಗೆಯ ತಿರ್ ತಿಂಗಳ ಮೊದಲ ಶುಕ್ರವಾರ, ಕೇಸರಿಯಲ್ಲೂ ನಿಂಬೆಯಲ್ಲೂ ರಾತ್ರಿಯಿಡೀ ನೆನೆಸಿದ ಕೋಳಿಯನ್ನು ನಾನು ಕೆಂಡದ ಮೇಲೆ ಸುಟ್ಟು, ರೊಟ್ಟಿಯಲ್ಲಿ ಸುತ್ತಿಟ್ಟು, ಫರಂಗೀಸ್ ಖಾನುಮರನ್ನು ಎರಡು ಸಲ ಕರೆದಿದ್ದೆ. ಮೂರನೆಯ ಸಲಕ್ಕೆ ಧೈರ್ಯ ಒಟ್ಟುಗೂಡಿಸುವಾಗ ತಾವು ಅಡ್ಡ ಹಾದಿರಿ. ನಾಲಿಗೆಯ ಚಾಳಿ ನೋಡಿ, ತಮಗೂ ‘ದಯಮಾಡಿಸಿ’ ಎಂದುಬಿಟ್ಟೆ. ತಾವು ಬಂದಿರಿ, ನಿಂತಿರಿ, ರೊಟ್ಟಿಸಮೇತ ಎಳೆದುಕೊಂಡು ಹೋಗಿ ತಿಂದಿರಿ. ಒಂದು ಸಲವೂ ‘ಹೊಟ್ಟೆ ತುಂಬಿದೆ’ ಎನ್ನಲಿಲ್ಲ.

ಆಗ ಫರಂಗೀಸ್ ಖಾನುಮ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಮನೆಯಿಂದ ತಂದ ಪಾತ್ರೆಯ ಮುಚ್ಚಳ ತೆಗೆದು, ಎಲೆಕೋಸಿನ ಪಲಾವ್ ಇದೆ, ಬನ್ನಿ ಎಂದರು. ಬೆಳಗಿನಿಂದ ಏನೂ ತಿನ್ನದ ನಾನು, ನನ್ನ ಊಟ ತಮ್ಮ ಬಾಯಲ್ಲಿ ಹೋದದ್ದನ್ನು ತೋಟವೆಲ್ಲ ನೋಡಿದ ಮೇಲೂ, ‘ಹೊಟ್ಟೆ ತುಂಬಿದೆ’ ಎಂದೆ. ಎರಡನೆಯ ಸಲವೂ ಎಂದೆ. ಮೂರನೆಯ ಸಲ ನನ್ನ ಹೊಟ್ಟೆಯೇ ಗುರ್ರೆಂದು ಬೇರೆ ಉತ್ತರ ಕೊಟ್ಟಿತು. ಬಾಯಿ ಮಾತ್ರ ಹಳೆಯದನ್ನೇ ಹೇಳಿತು.

ಅವರು ಮುಚ್ಚಳ ಮುಚ್ಚಿದರು. “ಈರಜ್ ಆಗಾ, ಈ ತಿಂಗಳು ಮುಗಿದ್ರೆ ಅಪ್ಪನ್ನ ಕರ್ಕೊಂಡು ಯಜ್ದ್‌ಗೆ, ಅಕ್ಕನ ಮನೆಗೆ ಹೋಗಿಬಿಡೋಣ ಅಂತಿದೀನಿ. ಇಲ್ಲಿ ನಮ್ಮನ್ನ ಹಿಡಿದಿಡೋ ಅಂಥದ್ದು ಏನಿದೆ ಹೇಳಿ? ಮತ್ತೆ ನಾಲ್ಕನೇ ಸಲ ಕರೆಯೋ ಅಭ್ಯಾಸ ನಮ್ಮ ಮನೇಲಿಲ್ಲ.”

ಮನೆಗೆ ಮರಳುವಾಗ ನನ್ನ ತಾಯಿ ಬಸ್ಸಿನಲ್ಲಿ, ಎಲ್ಲರಿಗೂ ಕೇಳುವಂತೆ, “ಆ ಬೆಕ್ಕು ನನ್ನ ಹೊಟ್ಟೇಲಿ ಹುಟ್ಟಿದ್ರೆ ಇಷ್ಟೊತ್ತಿಗೆ ಮೊಮ್ಮಕ್ಕಳನ್ನ ಆಡಿಸ್ತಿದ್ದೆ ಕಣಪ್ಪ” ಎಂದರು.

ಮುಂದಿನ ಎರಡು ಶುಕ್ರವಾರ ಫರಂಗೀಸ್ ಖಾನುಮ್ ಹೇಳಿದ ಮಾತಿನಂತೆಯೇ ಕರೆಯಲಿಲ್ಲ. ಕರೆಯದೆ ಹೋಗುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಕೊನೆಯ ಶುಕ್ರವಾರ ನಾನು ಕೋಳಿ ಸುಡುವ ಕಂಬಿ ತೊಳೆಯಲು ಕೊಳಾಯಿಯ ಬಳಿಗೆ ಹೋಗಿ ಬರುವಷ್ಟರಲ್ಲಿ, ತಾವು ಕುತ್ತಿಗೆ ಕಚ್ಚಿ ಒಂದೊಂದಾಗಿ ತಂದ ನಾಲ್ಕು ಮರಿಗಳೊಡನೆ ನನ್ನ ಜಮಖಾನೆಯ ನಟ್ಟನಡುವೆ ಪವಡಿಸಿದ್ದಿರಿ. ಅಮ್ಮ ಹಾಕಿದ ಗಂಟಿನ ಫಲ ಇದೇ. ಉಳಿದ ಮೂಲೆಯಲ್ಲಿ ನನ್ನ ತಾಯಿ ಕಾಲು ಚಾಚಿದ್ದರು. ಕೂರಲು ಬಂದ ನನಗೆ, ಬಾಣಂತಿಯನ್ನು ಎಬ್ಬಿಸಿದರೆ ಜೋಕೆ ಎಂದು ಬೆರಳು ತೋರಿಸಿದರು.

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಥರ್ಮಾಸು ಹಿಡಿದು ನಾನು ಆ ಒಂದು ಗೇಣು ಹುಲ್ಲಿನ ಮೇಲೆ ನಿಂತೆ. ಫರಂಗೀಸ್ ಖಾನುಮ್ ನನ್ನನ್ನು ಕರೆಯಲಿಲ್ಲ. ಸ್ವಲ್ಪ ಸರಿದು ಕುಳಿತರು, ಅಷ್ಟೇ. ನಾನು ತಮ್ಮನ್ನೊಮ್ಮೆ ನೋಡಿದೆ. ತಾವು ಕಣ್ಣು ಮುಚ್ಚಿಕೊಂಡಿದ್ದಿರಿ. ಚಪ್ಪಲಿ ಬಿಟ್ಟೆ, ಹೋದೆ, ಕೂತೆ.

“ಹೊಟ್ಟೆ ತುಂಬಿದೆಯಾ?” ಎಂದು ಕೇಳಿದರು.

“ಇಲ್ಲ” ಎಂದೆ. ಹುಟ್ಟಿದ ಮೇಲೆ ಮೊದಲನೆಯ ಸಲ.

ಆದುದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು: ಆ ಕೋಳಿಯನ್ನು ಮರಳಿಸತಕ್ಕದ್ದು, ಇಲ್ಲವೇ ಕೊಳದ ಮೀನುಗಳನ್ನು ಪ್ರತಿ ಶುಕ್ರವಾರ ಅಷ್ಟೇ ಶ್ರದ್ಧೆಯಿಂದ ಕಾವಲು ಕಾಯತಕ್ಕದ್ದು, ಊರಿನ ಸಂಕೋಚದ ಗಂಡಸರಿಗೆ ವಾರಕ್ಕೊಂದು ಸಂಜೆ ಪಾಠ ಹೇಳತಕ್ಕದ್ದು, ಮತ್ತು ನನ್ನ ಜಮಖಾನೆಯನ್ನು ಯಾವ ಕಾರಣಕ್ಕೂ ಖಾಲಿ ಮಾಡದಿರತಕ್ಕದ್ದು. ಯಜ್ದ್‌ನ ಸೆಕೆ ಹಬೀಬ್ ಆಗಾ ಅವರಿಗೆ ಒಗ್ಗುವುದಿಲ್ಲವೆಂದು ಅವರ ಮಗಳಿಗೆ ಹಠಾತ್ತನೆ ನೆನಪಾಗಿರುವುದರಿಂದ, ನನಗೆ ಆ ಜಮಖಾನೆ ಸದ್ಯಕ್ಕೆ ಬೇಕಾಗಿಲ್ಲ.

ತಮ್ಮ ಹಾಸಿಗೆಯ ಮಾಲೀಕನೂ,
ತಮ್ಮ ವಿಶ್ವಾಸಿಯೂ ಆದ
ಈರಜ್

ಮರೆತ ಮಾತು: ಬರುವ ವಸಂತಕ್ಕೊಂದು ಕರೆಯೋಲೆ ಅಚ್ಚಾಗಲಿದೆ. ಊರಿನವರ ಹೆಸರಿಗೆಲ್ಲ ಪ್ರಾಸ ಹುಡುಕಿದ ನನಗೆ ನಮ್ಮಿಬ್ಬರ ಹೆಸರಿಗೆ ಮಾತ್ರ ಇನ್ನೂ ಪ್ರಾಸ ಸಿಕ್ಕಿಲ್ಲ; ಪರವಾಗಿಲ್ಲ ಎಂದಿದ್ದಾರೆ ಅವರು. ಮೊದಲ ಪ್ರತಿ ಮೂರನೆಯ ಬೆಂಚಿನ ಕೆಳಗೆ ತಲುಪುತ್ತದೆ. ಊಟಕ್ಕೆ ಮೀನಿದೆ. ಆದ್ದರಿಂದ ಮಾನ್ಯರೇ, ಇದೊಂದೇ ಒಂದು ಸಲ, ದಯವಿಟ್ಟು, ಹೊಟ್ಟೆ ತುಂಬಿದೆ ಎಂದುಬಿಡಿ.