ಸಮುದ್ರ ದಾಟುವ ಷಡ್ಡಕ, ಕಣದಲ್ಲಿದ್ದ ರಾಗಿ

ನನ್ನ ಷಡ್ಡಕನಿಗೆ, ಅಂದರೆ ನಾದಿನಿಯ ಗಂಡನಿಗೆ, ಆಕಾಶದ ಮೇಲೆ ನಂಬಿಕೆಯೇ ಇಲ್ಲ. ಸಮುದ್ರದ ಮೇಲೆ ವಿಮಾನ ಓಡಿಸುವವನಿಗೆ ಇಂಥ ಅನುಮಾನವೇ ಎಂದು ಕೇಳಬೇಡಿ. ಬೂದಿಗೆರೆಯ ಮಾವನ ಮನೆಗೆ ಬಂದಾಗ ಕ್ಷೌರಕ್ಕೆ ಹೊರಟರೂ ಟ್ಯಾಬ್ ತೆರೆದು ಮೋಡದ ಚಿತ್ರ ನೋಡಿಯೇ ಚಪ್ಪಲಿ ಮೆಟ್ಟುತ್ತಾನೆ. ಒಮ್ಮೆ ಸುಡುಬಿಸಿಲಿನಲ್ಲಿ ಕೊಡೆ ಹಿಡಿದು, ಹತ್ತಿರದ ದಾರಿ ಬಿಟ್ಟು ಕೆರೆ ಏರಿಯ ಮೇಲೆ ಹೊರಟ. ಯಾಕಪ್ಪಾ ಎಂದರೆ, "ಮೋಡ ಬಳಸ್ಕೊಂಡು ಹೋಗೋದೇ ನಮ್ಮ ಕೆಲ್ಸ ಅಣ್ಣ" ಎಂದ. ಅವನು ತಲುಪುವಷ್ಟರಲ್ಲಿ ಕ್ಷೌರದಂಗಡಿ ಬಾಗಿಲು ಹಾಕಿತ್ತು.

ಹೊಟ್ಟೆಕಿಚ್ಚೇ ಎಂದಿರಾ? ಹೌದು ಸ್ವಾಮಿ, ಹೊಟ್ಟೆಕಿಚ್ಚೇ. ಅತ್ತೆ ಮೊದಲ ಒಬ್ಬಟ್ಟನ್ನು ಅವನ ಎಲೆಗೆ ಬಡಿಸಿ, "ಪಾಪ, ಸಮುದ್ರ ದಾಟಿ ಬಂದವ್ರೆ" ಎನ್ನುತ್ತಾರೆ. ನಾನೂ ದೊಡ್ಡಬಳ್ಳಾಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದವನೇ! ಅದಾದರೂ ಹೋಗಲಿ. ಇಪ್ಪತ್ತು ವರ್ಷದಿಂದ ಆ ಮನೆಗೆ ಮಳೆ ಹೇಳುತ್ತಿದ್ದವನು ನಾನು. ಮಗ್ಗ ನಡೆಸುವವನಿಗೆ ಗಾಳಿಯ ತೇವ ಬೆರಳಿಗೇ ಗೊತ್ತಾಗುತ್ತದೆ. ಮಾವನವರು ಕಣ ಮಾಡುವ ಮುನ್ನ ನನಗೆ ಫೋನು ಮಾಡುತ್ತಿದ್ದರು. ಆ ಟ್ಯಾಬ್ ಬಂದ ಮೇಲೆ ಫೋನು ನಿಂತೇ ಹೋಯಿತು.

ಕಳೆದ ಸುಗ್ಗಿಯಲ್ಲಿ ನಾವಿಬ್ಬರೂ ಅಲ್ಲಿದ್ದೆವು. ವರ್ಷದ ರಾಗಿಯೆಲ್ಲ ಕಣದಲ್ಲಿ ಹರಡಿತ್ತು. ಬೆಳಿಗ್ಗೆ ಗಾಳಿ ಮೂಡಲಿಗೆ ತಿರುಗಿತು. ಊಟದ ಹೊತ್ತಿಗೆ ಮಳೆ ಗ್ಯಾರಂಟಿ ಎಂದುಕೊಂಡೆ. ಮಾವನವರು ನನ್ನನ್ನು ದಾಟಿ ಅವನ ಹತ್ತಿರ ಹೋದರು.

"ಏನಪ್ಪಾ, ರಾಶಿ ಮಾಡ್ಬಿಡಾಣ್ವಾ?"

ಅವನು ಟ್ಯಾಬ್ ಉಜ್ಜಿ ನೋಡಿ, "ಇದ್ರಲ್ಲೇನೂ ಕಾಣ್ತಿಲ್ಲ ಮಾವ" ಎಂದ.

ನಾನು ಬಾಯಿ ಬಿಡಲಿಲ್ಲ. ನೆನೆಯಲಿ ರಾಗಿ, ಇಳಿಯಲಿ ಇವನ ಜಂಬ ಎಂದು ಎಲೆಅಡಿಕೆ ಹಾಕಿಕೊಂಡು ಕೂತೆ. ನನ್ನ ಮನೆಯ ವರ್ಷದ ಮುದ್ದೆಯೂ ಆ ಕಣದಲ್ಲೇ ಬಿದ್ದಿದೆ ಎನ್ನುವುದು ಸ್ವಲ್ಪ ತಡವಾಗಿ ಹೊಳೆಯಿತು. ಆದರೂ ಸುಮ್ಮನಿದ್ದೆ, ನೋಡಿ ನನ್ನ ಯೋಗ್ಯತೆ!

ಅವನು ನನ್ನ ಪಕ್ಕಕ್ಕೇ ಬಂದು ಕುಕ್ಕರಗಾಲಲ್ಲಿ ಕೂತ.

"ಅಣ್ಣ, ಈ ಚಿತ್ರ ಕಾಲು ಗಂಟೆ ಹಳೇದು. ನಮಗೆ ಬಂದು ಸೇರೋ ಹೊತ್ಗೆ ಮೋಡ ಇನ್ನೆಲ್ಲೋ ಇರುತ್ತೆ. ಸಣ್ಣ ಮಳೆ ಕಾಣೋದೂ ಇಲ್ಲ."

"ಮತ್ತೆ ಸಮುದ್ರದ ಮೇಲೆ ಏನ್ಮಾಡ್ತೀಯ?"

"ವಿಮಾನದ ಮೂತೀಲೊಂದು ರೇಡಾರ್ ಇರುತ್ತೆ. ಆದ್ರೂ ಮುಂದೆ ಹೋಗ್ತಿರೋ ವಿಮಾನದೋರ್ನ ರೇಡಿಯೋದಲ್ಲಿ ಕೇಳ್ತೀವಿ, ಅಲ್ಲಿ ಹೆಂಗಿದೆ ಅಂತ. ಇಲ್ಲಿ ಮುಂದೆ ಹೋಗ್ತಿರೋರು ನೀವು. ಹೇಳಿ ಅಣ್ಣ."

ಬಾಯಲ್ಲಿದ್ದುದನ್ನು ಉಗಿದು, "ರಾಶಿ ಮಾಡ್ಸು, ಬೇಗ" ಎಂದೆ. ಮೂವರೂ ಸೇರಿ ರಾಗಿ ಎಳೆದು, ಟಾರ್ಪಾಲು ಮುಚ್ಚುವುದಕ್ಕೂ ಹನಿ ಬೀಳುವುದಕ್ಕೂ ಸರಿಹೋಯಿತು. ಗಾಳಿಗೆ ಟಾರ್ಪಾಲು ಹಾರದಿರಲಿ ಎಂದು ನಾವಿಬ್ಬರು ಅಳಿಯಂದಿರು ಅದರ ಅಂಚಿನ ಮೇಲೆ ಕೂತೆವು. ಮಾವನವರು ಕಲ್ಲು ತರಲು ಹೋದರು.

ಅವನು ಮೆಲ್ಲಗೆ ಹೇಳಿದ: "ಒಂದೊಂದ್ಸಲ ರೇಡಿಯೋದಲ್ಲಿ ಎಷ್ಟು ಕೇಳಿದ್ರೂ ಯಾರೂ ಉತ್ತರ ಕೊಡಲ್ಲ ಅಣ್ಣ. ಕೆಳಗೆ ಬರೀ ನೀರು. ಹಿಂದೆ ಅಷ್ಟು ಜನ ನಿದ್ದೆ ಮಾಡ್ತಿರ್ತಾರೆ. ಆವಾಗ ಭಯ ಆಗುತ್ತೆ. ಅತ್ತೆಗೆ ಹೇಳ್ಬೇಡಿ."

ಅರ್ಧ ಗಂಟೆಯ ಹಿಂದೆ, ಗೊತ್ತಿದ್ದೂ ಉತ್ತರ ಕೊಡದೆ ಕೂತಿದ್ದವನು ನಾನು. ಹೆಗಲ ಮೇಲಿನ ಟವಲು ತೆಗೆದು ಅವನ ತಲೆಗೆ ಹೊದಿಸಿದೆ.