ದೊಡ್ಡೇರಿಯವನು ತಾನು ತಾನೇ ಎಂದು ಸಾಬೀತುಪಡಿಸಿದ್ದು

ಮಧುಗಿರಿ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಸೇವಾ ಅಂಗಡಿಯಲ್ಲಿ ಕಳೆದ ಸೋಮವಾರ ದೊಡ್ಡೇರಿಯ ಲಗೇಜ್ ಆಟೊ ಚಾಲಕನೊಬ್ಬ ತಾನು ತಾನೇ ಎಂದು ಸಾಬೀತುಪಡಿಸಲು ವಿಫಲನಾದ. ಪ್ರಾಣಹಾನಿಯ ವರದಿಯಿಲ್ಲ. ಅಂಗಡಿ ನನ್ನದು. ಇಂಥವು ಇಲ್ಲಿ ನಡೆಯುತ್ತಲೇ ಇರುತ್ತವೆ. ಇವನದು ಮಾತ್ರ ಕಂತಿನಲ್ಲಿ ನಡೆಯಿತು.

ಹೆಂಡತಿಯ ಹೊಲಿಗೆ ಯಂತ್ರಕ್ಕೆಂದು ಕೂಡಿಟ್ಟ ದುಡ್ಡನ್ನು ಇವನು ಫೋನಿನ ಕ್ಯಾಸಿನೊಗೆ ಹಾಕಿದ್ದ. ವಿಚಿತ್ರವೆಂದರೆ ಗೆದ್ದಿದ್ದ. ಅಷ್ಟರಲ್ಲಿ ಸರ್ಕಾರದ ನಿಷೇಧ ಬಂದು ಆಟ ಬಂದ್ ಆಯಿತು. ಗುರುತು ಖಾತ್ರಿಯಾದರೆ ದುಡ್ಡು ವಾಪಸ್ ಎಂದಿತು ಕಂಪನಿ. ಹಾಕುವಾಗ ಯಾರೂ ಅವನ ಮುಖ ಕೇಳಿರಲಿಲ್ಲ. ತಿರುಮಣಿಯ ತವರಿಗೆ ಹೋದ ಹೆಂಡತಿ ಭಾನುವಾರ ಬರುವವಳು. ಅಷ್ಟರೊಳಗೆ ದುಡ್ಡು ಪೆಟ್ಟಿಗೆ ಸೇರಬೇಕು.

೧. ನಗು

ಎಡಕ್ಕೆ ತಿರುಗು ಎಂದಿತು ಫೋನು. ತಿರುಗಿದ. ಕಣ್ಣು ಮಿಟುಕಿಸು ಎಂದಿತು. ಮಿಟುಕಿಸಿದ. ನಗು ಎಂದಿತು. ನಗಲಿಲ್ಲ.

"ನಗಪ್ಪ," ಅಂದೆ.

"ದುಡ್ಡು ಅವ್ರತ್ರ ಮಡಿಕ್ಕಂಡು ನನ್ನ ನಗು ಅಂದ್ರೆ ಹೆಂಗೆ ಸಾರ್? ಕೊಟ್ಬುಡ್ಲಿ, ಆಮೇಲೆ ಎಷ್ಟೊತ್ತು ಬೇಕಾದ್ರೂ ನಗ್ತೀನಿ."

ಕೊನೆಗೆ ಎದುರಿನ ಟೀ ಅಂಗಡಿಯವನನ್ನು ಅವನ ಹೆಂಡತಿ ಬೈಯುವುದು ಕೇಳಿಸಿ ಇವನ ಮುಖ ಅರಳಿತು. ಆ ಸುತ್ತು ಪಾಸಾಯಿತು.

೨. ಅಜ್ಜ

ವಿಳಾಸಕ್ಕೆ ಕರೆಂಟ್ ಬಿಲ್ ಹಾಕಿದೆವು. ನಮ್ಮ ಕಡೆ ಮನೆ ಮೊಮ್ಮಗನವರೆಗೆ ಬಂದರೂ ಬಿಲ್ಲು ಅಜ್ಜನ ಹೆಸರಲ್ಲೇ ಇರುತ್ತದೆ. ಕಂಪನಿಯ ಹುಡುಗಿ ಫೋನ್ ಮಾಡಿದಳು.

"ಬಿಲ್ಲಿನಲ್ಲಿರೋರು ಒಂದು ಸೆಲ್ಫಿ ಕಳಿಸ್ಬೇಕು ಸರ್."

"ಅವ್ರು ಹೋಗ್ಬುಟ್ರು ಕಣಮ್ಮ."

"ಯಾವಾಗ ವಾಪಸ್ ಬರ್ತಾರೆ?"

ಅವನು ನನ್ನ ಮುಖ ನೋಡಿದ. "ಬರಾದ್ ಬ್ಯಾಡ ಕಣಮ್ಮ. ಬಂದ್ರೆ ನಾವು ಮನೆ ಖಾಲಿ ಮಾಡ್ಬೇಕಾಯ್ತದೆ."

ರೇಷನ್ ಕಾರ್ಡ್ ಹಾಕಿ ಪಾರಾದೆವು.

೩. ತಲೆ

ಆಧಾರ್ ಫೋಟೊ ಅವನು ದೇವರಿಗೆ ಮುಡಿ ಕೊಟ್ಟು ಬಂದ ಮರುದಿನ ತೆಗೆದದ್ದು. ತಲೆ ನುಣ್ಣಗೆ, ಮೀಸೆಯಿಲ್ಲ. ಈಗ ಎರಡೂ ಪೊದೆ. ಮುಖ ಹೊಂದುತ್ತಿಲ್ಲ ಎಂದಿತು ಫೋನು. ಫೋಟೊ ಬದಲಾಯಿಸುವಷ್ಟರಲ್ಲಿ ಭಾನುವಾರ ದಾಟುತ್ತದೆ ಎಂದೆ.

"ಅಂಗಾದ್ರೆ ತಲೇನೇ ಬದ್ಲಾಯ್ಸಾನ ಬುಡಿ," ಎಂದು ಪಕ್ಕದ ಕ್ಷೌರದಂಗಡಿಗೆ ಹೋದ.

ವಾಪಸ್ ಬಂದಾಗ ನಾನು "ಯಾರು ಬೇಕಿತ್ತು?" ಎಂದೆ. ಫೋನು ಮಾತ್ರ ಒಂದೇ ಸಲಕ್ಕೆ ಗುರುತು ಹಿಡಿಯಿತು.

೪. ಅಪ್ಪ

ತಲೆ ಮೀಸೆ ಎರಡೂ ಬೋಳಿಸಿದ ಗಂಡಸನ್ನು ನಮ್ಮಲ್ಲಿ ಯಾರೂ ಕಾರಣ ಕೇಳುವುದಿಲ್ಲ: ಅಪ್ಪ ತೀರಿಕೊಂಡಿದ್ದಾರೆ. ಅಂದೇ ಅವನು ಪಾವಗಡಕ್ಕೆ ಲೋಡು ಒಯ್ದ. ಹೆಂಡತಿಯ ಕಡೆಯವರೊಬ್ಬರು ನೋಡಿ ತಿರುಮಣಿಗೆ ಸುದ್ದಿ ಮುಟ್ಟಿಸಿದರು. ಮರುದಿನ ಬೆಳಿಗ್ಗೆ ಹೆಂಡತಿ, ಅತ್ತೆ, ಬಂಧುಬಳಗ ಟೆಂಪೊ ಮಾಡಿಕೊಂಡು, ಹಾರ ಹಿಡಿದು, ದೊಡ್ಡೇರಿಯ ಬಾಗಿಲಲ್ಲಿ ಅಳುತ್ತಾ ಇಳಿದರು.

ಅಪ್ಪ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ಗಾಬರಿಯಿಂದ ಎದ್ದರು.

"ಯಾರಮ್ಮ ಹೋದ್ರು?"

"ನೀವೇ ಅಂತ ಕದಾ ಬೀಗ್ರೇ," ಅಂದರು ಅತ್ತೆ, ತಮ್ಮ ಕಡೆಯ ತೆಲುಗು ಬೆರೆಸಿ.

ಅಪ್ಪ ಹಾರ ನೋಡಿದರು. "ಒಳ್ಳೆ ಹೂವು. ದೇವ್ರಿಗಾದ್ರೂ ಹಾಕ್ರಮ್ಮ."

ಹೆಂಡತಿ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿದಳು. "ಅಂಗಾದ್ರೆ ನಿಮ್ ತಲೆ?"

"ಹರಕೆ," ಅಂದ.

"ಯಾವ ದೇವ್ರು?"

ಆ ಕ್ಷಣಕ್ಕೆ ಅವನಿಗೆ ಒಂದು ದೇವರ ಹೆಸರೂ ನೆನಪಾಗಲಿಲ್ಲ.

ದುಡ್ಡು ಶನಿವಾರ ಬಂತು. ಹೊಲಿಗೆ ಯಂತ್ರವನ್ನು ಶಿರಾದಿಂದ ತಂದಿದ್ದಾರೆ. ಟೆಂಪೊ ಬಾಡಿಗೆ ಅವನೇ ಕೊಟ್ಟ. ಅವನ ಫೋನು ಈಗ ಹೆಂಡತಿಯ ಬಳಿಯಿದೆ.