ಇಪ್ಪತ್ನಾಲ್ಕು ವೋಲ್ಟಿನ ಲಾರಿ, ಹನ್ನೆರಡರ ಹಾಡು

ಅರಸೀಕೆರೆಯಲ್ಲಿ ಬ್ಯಾಟರಿ ಅಂಗಡಿ ಇಟ್ಟವನಿಗೆ ಇಂಥವು ತಪ್ಪುವುದಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಂತೂ ಒಬ್ಬನೇ ಲಾರಿ ಡ್ರೈವರ್ ನನ್ನ ಅರ್ಧ ತಲೆಕೂದಲು ಉದುರಿಸಿದ. ಉಳಿದರ್ಧ ನಾನೇ ಉದುರಿಸಿಕೊಂಡೆ.

೧. ಹೊಗೆ

ಹೊಸ ಟೇಪ್ ರೆಕಾರ್ಡರನ್ನು ಲಾರಿಗೆ ತಾನೇ ಜೋಡಿಸಿ, ಸುಟ್ಟ ವಾಸನೆ ಸಮೇತ ತಂದ.

"ಇದು ಹನ್ನೆರಡು ವೋಲ್ಟಿಂದು ಕಣಯ್ಯ. ಲಾರೀಲಿ ಎರಡು ಬ್ಯಾಟರಿ ಸೇರಿ ಇಪ್ಪತ್ನಾಲ್ಕು. ನೇರ ಕೊಟ್ಟರೆ ಸುಡದೆ ಇನ್ನೇನು?"

"ಹನ್ನೆರಡೇ ಕೊಟ್ರೆ ಹಗಲು ಹನ್ನೆರಡು ಗಂಟೆಗಷ್ಟೇ ಆಯ್ತದೆ ಅಣ್ಣ. ರಾತ್ರಿಗೆ ಯಾರು ಹಾಡ್ತಾರೆ?"

೨. ಜೋಡೆತ್ತು

ವೋಲ್ಟೇಜ್ ಇಳಿಸುವ ಡಬ್ಬ ಹಾಕಿಸು ಎಂದೆ. ಅವನು ಬಲು ಜಾಣ, ಎರಡರಲ್ಲಿ ಒಂದೇ ಬ್ಯಾಟರಿಯಿಂದ ವಯರ್ ಎಳೆದುಕೊಂಡ. ಹಾಡೇನೋ ಬಂತು. ಬಾಣಾವರದ ರೈಲ್ವೆ ಗೇಟಿನ ಮುಂದೆ ಎಂಜಿನ್ ಆರಿಸಿದವನು ಮತ್ತೆ ಸ್ಟಾರ್ಟ್ ಮಾಡಲಾಗದೆ, ಹಿಂದಿನವರ ಬೈಗುಳವನ್ನೆಲ್ಲ ಹೊತ್ತು ನನ್ನಲ್ಲಿಗೆ ಬಂದ. ಒಂದು ಬ್ಯಾಟರಿ ಸತ್ತಿತ್ತು, ಇನ್ನೊಂದು ಚಾರ್ಜ್ ಹೆಚ್ಚಾಗಿ ಕುದಿದಿತ್ತು.

"ಜೋಡೆತ್ತಿನಲ್ಲಿ ಒಂದನ್ನೇ ದುಡಿಸಿ ಇನ್ನೊಂದಕ್ಕೇ ಮೇವು ಹಾಕಿದ್ದೀಯಲ್ಲೋ!"

"ನಮ್ಮನೇಲೂ ಹಂಗೇ ಐತೆ ಅಣ್ಣ. ನಾನು ದುಡೀತೀನಿ, ನಮ್ಮಣ್ಣ ಉಣ್ತಾನೆ. ಹೊಂದ್ಕೊಂಡ್ ಹೋಗ್ಬೇಕು."

೩. ಅಪ್ಪನ ಸವಾರಿ

ಅಪ್ಪ ತೀರಿಕೊಂಡರು. ಗಂಡಸಿ ಹತ್ತಿರದ ನಮ್ಮ ತೋಟದಲ್ಲಿ ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕಿತ್ತು. ಮಠದ ಅಯ್ಯನವರು ಆಗಲೇ ಅಲ್ಲಿ ಕಾದಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಅದೇ ಡ್ರೈವರ್ ಲಾರಿ ತಂದ. ಅದರ ಮೇಲೆ ಬಿದಿರಿಗೆ ಹೂ ಸುತ್ತಿ ವಿಮಾನ ಕಟ್ಟಿ ಅಪ್ಪನನ್ನು ಕೂರಿಸಿದೆವು. ಭಜನೆಗೆ ಮೈಕ್ ಬೇಕು ಎಂದರು, ಅದು ಹನ್ನೆರಡು ವೋಲ್ಟಿನದು. ಡಬ್ಬ ಅಂಗಡಿಯಲ್ಲಿತ್ತು. ಹೋಗಿ ತರುವ ಚೈತನ್ಯ ಇರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳಿದ ನಾನೇ ಒಂದು ಬ್ಯಾಟರಿಯಿಂದ ವಯರ್ ಎಳೆದೆ.

ನಿಂತ ಲಾರಿಯಲ್ಲಿ ಮಧ್ಯಾಹ್ನದವರೆಗೆ ಭಜನೆ ನಡೆಯಿತು. ಹೊರಡೋಣವೆಂದು ಕೀಲಿ ತಿರುಗಿಸಿದರೆ ಟಕ್ ಎಂದಿತು, ಅಷ್ಟೇ. ಬಂದವರೆಲ್ಲ ತಳ್ಳಲು ನಿಂತರು. ಹೆತ್ತಪ್ಪನ ಕೊನೆಯ ದಾರಿಯನ್ನೂ ಕೆಡಿಸಿದೆನಲ್ಲ ಎಂದು ನಾನು ಅಳುತ್ತಲೇ ತಳ್ಳಿದೆ. ಡ್ರೈವರ್ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗಲೆಲ್ಲ ಲಾರಿ ಜಗ್ಗುತ್ತಿತ್ತು. ತಲೆ ನೆಟ್ಟಗೆ ನಿಲ್ಲಲೆಂದು ಕಟ್ಟಿದ್ದ ಬಟ್ಟೆ ಸಡಿಲಾಗಿ ಅಪ್ಪನ ತಲೆ ಮುಂದಕ್ಕೆ ಬಾಗುತ್ತಿತ್ತು.

"ಇನ್ನೊಂದ್ ಸಲ ನೋಡವಾ?" ಎಂದು ಅವನು ಕೂಗಿದ. ಲಾರಿ ಜಗ್ಗಿತು, ಅಪ್ಪ ತಲೆಯಾಡಿಸಿದರು.

"ಇದೊಂದ್ ಸಲ?" ಮತ್ತೆ ತಲೆಯಾಡಿಸಿದರು.

ಬೆಳಿಗ್ಗೆಯಿಂದ ಅಳುತ್ತಿದ್ದ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ದಿಟ್ಟಿಸಿ ನೋಡಿದಳು.

"ನಲವತ್ತು ವರ್ಷ ಬಾಳಾಟ ಮಾಡ್ದೆ ಕಣೋ. ನಾನು ಹೇಳಿದ್ದಕ್ಕೆ ಒಂದಿನ ತಲೆ ಆಡಿಸ್ದೋರಲ್ಲ. ಈ ಡ್ರೈವರ್ ಕೇಳಿದ್ದಕ್ಕೆಲ್ಲ ಹೂಂ ಅಂತಾವ್ರಲ್ಲೋ!"